ಕೆಂಪು ನೆಲದ ಮೇಲೊಂದು ಕಡಲು

ಬಸವನಗುಡಿಯ ಅಡ್ಡರಸ್ತೆಯಲ್ಲಿ ಬೆಳಗಿನ ಗಡಿಬಿಡಿ ಇನ್ನೂ ಶುರುವಾಗಿಲ್ಲ. ರಂಗೋಲಿ ಮುಗಿಸಿ ಒಳಹೋದವರ ಬಾಗಿಲು ಅರ್ಧ ತೆರೆದೇ ಇದೆ, ಹೂವಿನ ಬುಟ್ಟಿ ಹೊತ್ತ ಹೆಂಗಸು ಗೇಟಿನಿಂದ ಗೇಟಿಗೆ ಕೂಗುತ್ತ ಸಾಗಿದ್ದಾಳೆ, ಮೂಲೆಯ ಹೋಟೆಲಿನ ಕಾಫಿಯ ಘಮ ರಸ್ತೆಯ ಈ ತುದಿಗೂ ಬರುತ್ತಿದೆ. ಸಣ್ಣ ಲಾರಿಯೊಂದು ಹಿಮ್ಮುಖವಾಗಿ ಬಂದು ಹಳೆಯ ಮನೆಯೊಂದರ ಮುಂದೆ ನಿಲ್ಲುತ್ತದೆ. ಹಿಂಬದಿಯಲ್ಲಿ ಹರಿದ ಹಾಸಿಗೆ, ಗೋಣಿತಾಟು, ಥರ್ಮೋಕೋಲುಗಳ ನಡುವೆ ಹಗ್ಗ ಬಿಗಿಸಿಕೊಂಡು ಕೂತಿರುವುದು ಆರಡಿ ಉದ್ದದ ಗಾಜಿನ ತೊಟ್ಟಿ. ಕೆಲಸದವರು ಆರು ಮಂದಿ. ಅವರಲ್ಲಿ ಹಿರಿಯನಾದವನು ಯಾರೊಡನೆಯೂ ಮಾತಿಗೆ ನಿಲ್ಲದೆ ಗಾಜಿನ ಅಂಚಿನುದ್ದಕ್ಕೂ ಬೆರಳಾಡಿಸುತ್ತ ಒಂದು ಸುತ್ತು ಬರುತ್ತಾನೆ, ಗಾಜು ಕಚ್ಚಿ ಹಿಡಿಯುವ ರಬ್ಬರಿನ ಹಿಡಿಕೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒತ್ತಿ, ಎಳೆದು ನೋಡುತ್ತಾನೆ. ಆಮೇಲೆ ಒಂದೇ ಮಾತು: "ಹೂಂ, ಎತ್ರಪ್ಪಾ."

15 ಮಿಲಿಮೀಟರ್ ದಪ್ಪದ ಗಾಜು. ಖಾಲಿ ತೊಟ್ಟಿಯೇ 150 ಕಿಲೋ ದಾಟುತ್ತದೆ. ಗೇಟು, ಮೂರು ಮೆಟ್ಟಿಲು, ಜಗಲಿ, ಕಿರಿದಾದ ತಲೆಬಾಗಿಲು — ಪ್ರತಿ ತಿರುವಿನಲ್ಲೂ ಆರು ಉಸಿರುಗಳು ಒಟ್ಟಿಗೆ ಬಿಗಿಯುತ್ತವೆ, "ಎಡಕ್ಕೆ, ಎಡಕ್ಕೆ, ಸ್ವಲ್ಪ ಇಳಿಸು, ಬೆರಳು ಹುಷಾರು" ಎಂಬ ಮೆಲುದನಿಯ ಸೂಚನೆಗಳು ಓಡಾಡುತ್ತವೆ. ಒಳಗೆ ಹಜಾರದ ನೆಲ ಹಳೆಯ ಕಾಲದ ಕೆಂಪು ಗಾರೆ, ದಶಕಗಳ ಕಾಲ ಒರೆಸಿ ಒರೆಸಿ ನುಣುಪಾದದ್ದು. ಅದರ ಮೇಲೆ ದಪ್ಪ ಕಬ್ಬಿಣದ ಚೌಕಟ್ಟಿನ ಸ್ಟ್ಯಾಂಡು ಆಗಲೇ ಬಂದು ನಿಂತಿದೆ. ಅದಕ್ಕೆ ಎರಡು ಕೋಟು ಎಪಾಕ್ಸಿ ಬಣ್ಣ ಬಳಿಸಲಾಗಿದೆ. ಉಪ್ಪುನೀರಿನ ತುಂತುರು ಬಿದ್ದ ಕಬ್ಬಿಣ ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಎಂಬುದು ಕರಾವಳಿಯಲ್ಲಿ ಕಿಟಕಿಯ ಸರಳು ನೋಡಿದವರಿಗೆಲ್ಲ ಗೊತ್ತು.

ಮನೆಯ ಯಜಮಾನರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಮೇಷ್ಟ್ರು. ರಸಮಟ್ಟವನ್ನು ಸ್ಟ್ಯಾಂಡಿನ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಗುಳ್ಳೆ ನಡುಗೆರೆಗೆ ಬಂದು ನಿಲ್ಲುವವರೆಗೂ ಅವರು ಬಗ್ಗಿಯೇ ಇರುತ್ತಾರೆ. ಹಿಂಬದಿಯ ಒಂದು ಕಾಲಿನಡಿ ತೆಳುವಾದ ತಗಡಿನ ಚೂರು ಸೇರಿಸಿದ ಮೇಲೆ ಗುಳ್ಳೆ ಸುಮ್ಮನಾಗುತ್ತದೆ. ಇಷ್ಟು ಜತನ ಯಾಕೆಂದರೆ ತೊಟ್ಟಿಯ ಅಳತೆ ಉದ್ದ ಆರಡಿ, ಅಗಲ ಎರಡೂವರೆ, ಎತ್ತರ ಎರಡಡಿ. ಹಿಡಿಸುವ ನೀರು ಸುಮಾರು 800 ಲೀಟರ್. ನೀರು, ಗಾಜು, ಕಲ್ಲು, ಮರಳು ಎಲ್ಲ ಸೇರಿದರೆ ಒಂದು ಟನ್ನಿಗೂ ಮೀರಿದ ಭಾರ ನೆಲದ ಮೇಲೆ ವರ್ಷಗಟ್ಟಲೆ ಕೂರುತ್ತದೆ. ನೀರಿನ ಮಟ್ಟ ಒಂದು ಕಡೆ ಬೆರಳಗಲ ಹೆಚ್ಚಾದರೂ ಆ ಬದಿಯ ಅಂಟು ದಿನಾ ಅಷ್ಟು ಹೆಚ್ಚಿನ ಒತ್ತಡ ತಾಳಬೇಕು. ಇಂಥ ತೊಟ್ಟಿಯನ್ನು ಅಪಾರ್ಟ್‌ಮೆಂಟಿನ ಮೇಲಿನ ಮಹಡಿಗಳಲ್ಲಿ ಇಡಬೇಕೆನ್ನುವವರು ಮೊದಲು ಎಂಜಿನಿಯರನ್ನು ಕೇಳಬೇಕು. ಇಲ್ಲಿ ಮಣ್ಣಿನ ಮೇಲೆ ಕೂತ ನೆಲ, ಅಷ್ಟರ ಮಟ್ಟಿಗೆ ನಿಶ್ಚಿಂತೆ.

ತೊಟ್ಟಿ ಸ್ಟ್ಯಾಂಡ್ ಏರಿದ ಮೇಲೆ ಮೂಲೆಗಳ ಹತ್ತಿರ ಮೂಗು ತಂದರೆ ಸಿಲಿಕೋನಿನ ಹುಳಿವಾಸನೆ ಇನ್ನೂ ತೆಳ್ಳಗೆ ಹೊಡೆಯುತ್ತದೆ. ಗಾಜುಗಳನ್ನು ಹಿಡಿದಿಟ್ಟಿರುವುದು ಆ ಅಂಟೊಂದೇ; ಮೊಳೆಯಿಲ್ಲ, ಚೌಕಟ್ಟಿಲ್ಲ.

ಮೀನಿನ ಅಂಗಡಿಯ ಹುಡುಗ ಸಲಕರಣೆಗಳ ಡಬ್ಬಿಗಳನ್ನು ತಂದು ಸುರಿದು ಹೋಗಿದ್ದಾನೆ. ಆದರೆ ಮೇಷ್ಟ್ರು ಅವುಗಳಲ್ಲಿ ಒಂದನ್ನೂ ಬಿಚ್ಚುವುದಿಲ್ಲ. ಅವರ ಮನಸ್ಸೆಲ್ಲ ನೀರಿನ ಮೇಲೆ.

ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕದಲ್ಲಿ ನೀಲಿ ಡ್ರಮ್ಮುಗಳು ಸಾಲಾಗಿ ನಿಂತಿವೆ. ನಲ್ಲಿಯಿಂದ ಹೊರಟ ಸಪೂರ ಕೊಳವೆ ಗೋಡೆಗೆ ಬಡಿದ ಆರ್‌ಓ ಯಂತ್ರಕ್ಕೆ ಹೋಗಿ, ಅಲ್ಲಿಂದ ಹಸಿರು ಮಣಿಗಳು ತುಂಬಿದ ಪಾರದರ್ಶಕ ಕೊಳವೆಯನ್ನು ಹಾದು, ಡ್ರಮ್ಮಿನೊಳಗೆ ತೊಟ್ಟಿಕ್ಕುತ್ತದೆ. ಬೆಂಗಳೂರಿನ ನಲ್ಲಿಗೆ ಕಾವೇರಿ ಬರುವುದು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಮೆಟ್ಟಿಲು ಮೆಟ್ಟಿಲಾಗಿ ಪಂಪು ಮಾಡಿಸಿಕೊಂಡು. ಕುಡಿಯಲು ಅದು ಒಳ್ಳೆಯ ನೀರೇ. ಆದರೆ ಅದರಲ್ಲಿರುವ ಕ್ಲೋರಿನ್ನು, ಕೊಳವೆಗಳಿಂದ ಬರಬಹುದಾದ ತಾಮ್ರದ ಅಂಶ, ಗೊಬ್ಬರದ ಹೊಲಗಳಿಂದ ಹರಿದು ಬಂದ ಫಾಸ್ಫೇಟು ಇವೆಲ್ಲ ಕಡಲ ಜೀವಿಗಳಿಗೆ ಆಗುವುದಿಲ್ಲ. ತಾಮ್ರವಂತೂ ಸಿಗಡಿ, ಬಸವನಹುಳುಗಳ ಪಾಲಿಗೆ ವಿಷ. ಹಾಗಾಗಿ ನೀರಿನಿಂದ ಎಲ್ಲವನ್ನೂ ಮೊದಲು ಕಳಚಬೇಕು. ಮೇಷ್ಟ್ರು ಟಿಡಿಎಸ್ ಮೀಟರನ್ನು ಅದ್ದಿ ತೋರಿಸುತ್ತಾರೆ: ಪುಟ್ಟ ಪರದೆಯ ಮೇಲೆ ಸೊನ್ನೆ. ಮಣಿಗಳು ಕೆಳಗಿನಿಂದ ಕಂದಾಗುತ್ತ ಬಂದರೆ ಬದಲಾಯಿಸುವ ಹೊತ್ತಾಯಿತು ಎಂದು ಲೆಕ್ಕ.

ಮನೆಬಳಕೆಯ ಅಳತೆಯ ಯಂತ್ರ ದಿನಕ್ಕೆ ಇನ್ನೂರೈವತ್ತು, ಮುನ್ನೂರು ಲೀಟರಿಗಿಂತ ಹೆಚ್ಚು ಕೊಡದು. ಮೇಲಿನ ತೊಟ್ಟಿ, ಅದರ ಕೆಳಗೆ ಕೂರುವ ಸಂಪ್ ಎರಡೂ ಸೇರಿ ಸಾವಿರ ಲೀಟರಾಗಲು ನಾಲ್ಕು ದಿನ. ಒಂದು ಲೀಟರು ಶುದ್ಧ ನೀರಿಗೆ ಮೂರು ಲೀಟರಾದರೂ ತಳ್ಳಿದ ನೀರು ಇನ್ನೊಂದು ಕೊಳವೆಯಲ್ಲಿ ಹೊರಗೆ ಬರುತ್ತದೆ. ಅದನ್ನು ಚರಂಡಿಗೆ ಬಿಡುವವರ ಮೇಲೆ ನನಗೆ ಸಿಟ್ಟಿದೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಊರಿದು. ಈ ಮನೆಯಲ್ಲಿ ಆ ನೀರಿಗೆ ಬೇರೆ ಡ್ರಮ್ಮಿದೆ, ಅದರಿಂದಲೇ ಬಟ್ಟೆ, ನೆಲ, ಹಿತ್ತಲಿನ ಬಾಳೆ, ಕರಿಬೇವು, ಎರಡು ಕನಕಾಂಬರದ ಗಿಡ.

ಉಪ್ಪು ಬಂದಿರುವುದು ಬಕೆಟ್ಟುಗಳಲ್ಲಿ. ಮುಚ್ಚಳ ತೆರೆದರೆ ನುಣ್ಣನೆಯ, ಸ್ವಲ್ಪ ತೇವವಾದ ಬಿಳಿ ಪುಡಿ. ಅಡುಗೆ ಉಪ್ಪು ಇದಕ್ಕೆ ಆಗಿಬರುವುದಿಲ್ಲ. ಕಡಲ ನೀರಿನಲ್ಲಿ ಕರಗಿರುವ ಲವಣಗಳ ತೂಕದಲ್ಲಿ ಕ್ಲೋರೈಡು ಶೇ. 55, ಸೋಡಿಯಂ ಶೇ. 30ರ ಆಸುಪಾಸು, ಉಳಿದ ಪಾಲಿನಲ್ಲಿ ಸಲ್ಫೇಟು, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ. ಚಿಪ್ಪು ಕಟ್ಟುವ ಜೀವಿಗಳಿಗೆ ಬೇಕಾದದ್ದು ಈ ಉಳಿದ ಪಾಲಿನಲ್ಲಿದೆ. 1854ರಷ್ಟು ಹಿಂದೆಯೇ ಫಿಲಿಪ್ ಹೆನ್ರಿ ಗಾಸ್ ಎಂಬ ಇಂಗ್ಲಿಷ್ ನಿಸರ್ಗಶಾಸ್ತ್ರಜ್ಞ ಲಂಡನ್ನಿನಲ್ಲಿ ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಕ್ಲೋರೈಡು, ಪೊಟ್ಯಾಸಿಯಂ ಕ್ಲೋರೈಡು ಬೆರೆಸಿ ಕಡಲ ನೀರು ತಯಾರಿಸುವ ಪಾಕವನ್ನು ಪ್ರಕಟಿಸಿದ್ದ. ಇಂದಿನ ಬಕೆಟ್ಟಿನ ಪುಡಿ ಅದೇ ಪಾಕದ ಬೆಳೆದ ರೂಪ.

ಲೀಟರಿಗೆ 35 ಗ್ರಾಂ ಲೆಕ್ಕ. ತುಂಬಿದ ಡ್ರಮ್ಮಿನೊಳಗೆ ಪಂಪು ಗಿರಗಿರನೆ ತಿರುಗುತ್ತಿರುವಾಗ ಮೇಷ್ಟ್ರು ಲೋಟ ಲೋಟವಾಗಿ ಪುಡಿ ಉದುರಿಸುತ್ತಾರೆ. ನೀರಿಗೆ ಉಪ್ಪು ಹಾಕಬೇಕು. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಸುಣ್ಣದ ಹುಡಿಯಾಗಿ ತಳ ಹಿಡಿಯುತ್ತದೆ, ಮತ್ತೆ ಕರಗುವುದಿಲ್ಲ. ಉದುರಿದ ಪುಡಿ ಬಿಳಿ ಮೋಡವಾಗಿ ಎದ್ದು, ಸುತ್ತಿ, ಇಡೀ ಡ್ರಮ್ಮು ಬೆಳ್ಳಗಾಗಿ, ಗಂಟೆಗಳು ಕಳೆದಂತೆ ತಳ ಕಾಣುವಷ್ಟು ತಿಳಿಯಾಗುತ್ತದೆ. ಆಮೇಲೆ ರಿಫ್ರ್ಯಾಕ್ಟೋಮೀಟರು. ಗೇಣುದ್ದದ ಆ ಕೊಳವೆಯ ತುದಿಯಲ್ಲಿರುವ ನೀಲಿ ಗಾಜಿನ ಮೇಲೆ ಎರಡು ಹನಿ ಬಿಟ್ಟು, ಮುಚ್ಚಳ ಒತ್ತಿ, ಗುಳ್ಳೆಯಿಲ್ಲವೆಂದು ಖಾತ್ರಿ ಮಾಡಿಕೊಂಡು, ಬೆಳಕಿನ ಕಡೆಗೆ ಹಿಡಿದು ಒಂದು ಕಣ್ಣಲ್ಲಿ ನೋಡಬೇಕು. ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಸೇರುವ ಗೆರೆ ಅಳತೆಪಟ್ಟಿಯ 35ರ ಮೇಲೆ ಬಂದು ಕೂತರೆ ಉಪ್ಪು ಸರಿ.

ಮೇಷ್ಟ್ರ ತಾಯಿ ಕುಂದಾಪುರದ ಕಡೆಯವರು. ಹಿತ್ತಲ ಬಾಗಿಲಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅಜ್ಜಿ ಎದ್ದು ಬಂದು, ಡ್ರಮ್ಮಿನಲ್ಲಿ ಬೆರಳದ್ದಿ ನಾಲಗೆಗೆ ತಾಗಿಸಿಕೊಳ್ಳುತ್ತಾರೆ. "ಉಪ್ಪ್ ಸಮಾ ಇತ್ತ್ ಮಗಾ. ಕಡ್ಲ್ ವಾಸ್ನಿ ಮಾತ್ರ ಇಲ್ಲೆ." ಅವರ ಮೂಗು ಹೇಳಿದ್ದು ರಸಾಯನಶಾಸ್ತ್ರಕ್ಕೂ ಒಪ್ಪುವ ಮಾತು. ಕಡಲ ವಾಸನೆ ಉಪ್ಪಿನದಲ್ಲ. ನೀರಲ್ಲಿ ತೇಲುವ ಸೂಕ್ಷ್ಮ ಪಾಚಿಗಳು, ಅವುಗಳನ್ನು ಕೊಳೆಸುವ ಬ್ಯಾಕ್ಟೀರಿಯಗಳು ಸೇರಿ ಬಿಡುವ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲ ಅದರ ಮುಖ್ಯ ಮೂಲ. ಈ ನೀರಲ್ಲಿ ಇನ್ನೂ ಜೀವವಿಲ್ಲ, ಹಾಗಾಗಿ ವಾಸನೆಯೂ ಇಲ್ಲ.

ಕಲ್ಲು ಜೋಡಿಸುವ ದಿನ ಹಜಾರದ ತುಂಬ ಹಳೆಯ ಬೆಡ್‌ಶೀಟು ಹಾಸಲಾಗಿದೆ. ರಂಧ್ರ ರಂಧ್ರವಾದ, ಕೈಯಿಂದ ಮಾಡಿದ ಸೆರಾಮಿಕ್ ಕಲ್ಲುಗಳು. ಎತ್ತಿದರೆ ಗಾತ್ರಕ್ಕಿಂತ ಹಗುರ, ಉಜ್ಜಿದರೆ ಅಂಗೈ ಒರಟಾಗುತ್ತದೆ. ಮೊದಲು ನೆಲದ ಮೇಲೆಯೇ ತೊಟ್ಟಿಯ ಅಳತೆಗೆ ಸುಣ್ಣದ ಗೆರೆ ಎಳೆದು, ಅದರೊಳಗೆ ಜೋಡಿಸಿ, ಕೆಡವಿ, ಮತ್ತೆ ಜೋಡಿಸುತ್ತಾರೆ. ಕಮಾನಿನ ಕೆಳಗೆ ಮೀನು ನುಸುಳಬೇಕು, ಹಿಂದೆ ನೀರು ಸುತ್ತಬೇಕು, ಗಾಜು ಒರೆಸಲು ಕೈ ಹೋಗುವಷ್ಟು ಜಾಗ ಉಳಿಯಬೇಕು. ತೊಟ್ಟಿಯೊಳಗೆ ಕಲ್ಲು ಮೊದಲು, ಮರಳು ಆಮೇಲೆ. ಮರಳಿನ ಮೇಲೆ ಕಲ್ಲು ಕೂರಿಸಿದರೆ ಬಿಲ ತೋಡುವ ಗೋಬಿ ಮೀನು ಎಂದಾದರೂ ಅಡಿಪಾಯವನ್ನೇ ಅಗೆದು ಗುಡ್ಡವನ್ನು ಗಾಜಿನ ಮೇಲೆ ಉರುಳಿಸೀತು. ಎಲ್ಲ ಮುಗಿದ ಮೇಲೆ ಎಡ ಮೂಲೆಯಲ್ಲಿ, ಕಲ್ಲುಗಳ ಸಂದಿಯಲ್ಲಿ, ಮೇಷ್ಟ್ರು ಸಣ್ಣ ಮಣ್ಣಿನ ಕುಂಡವೊಂದನ್ನು ಅಡ್ಡಲಾಗಿ ಮಲಗಿಸುತ್ತಾರೆ. ಬಣ್ಣ ಬಳಿಯದ, ಸುಟ್ಟ ಮಣ್ಣಿನ ಕುಂಡ. ಯಾಕೆಂದು ಕೇಳಿದರೆ "ಇರ್ಲಿ, ಮುಂದೆ ಬೇಕಾಗತ್ತೆ" ಎನ್ನುತ್ತಾರೆ.

ನೀರು ತುಂಬಿದ ಸಂಜೆ ಯಾರೂ ಟೀವಿ ಹಾಕಲಿಲ್ಲ. ಮೇಲಿನ ತೊಟ್ಟಿ ತುಂಬಿ, ಅಂಚಿನ ಹಲ್ಲುಗಳ ಮೇಲಿನಿಂದ ನೀರು ತೆಳುವಾಗಿ ಜಾರಿ, ಕೊಳವೆಯಲ್ಲಿ ಗುಳುಗುಳು ಎಂದು ಇಳಿದು, ಸ್ಟ್ಯಾಂಡಿನೊಳಗಿನ ಸಂಪಿಗೆ ಬೀಳುತ್ತದೆ. ಸಂಪಿನ ಮೊದಲ ಅಂಕಣದಲ್ಲಿ ಕಸ ಹಿಡಿಯುವ ಬಟ್ಟೆಯ ಚೀಲ, ಎರಡನೆಯದರಲ್ಲಿ ಸ್ಕಿಮ್ಮರು, ಮೂರನೆಯದರಲ್ಲಿ ರಾತ್ರಿ ಹೊತ್ತು ಬೆಳಕು ಬೀಳುವಂತೆ ಇಟ್ಟ, ಹಸಿರು ನೂಲಿನ ಸಿಕ್ಕಿನಂಥ ಕಡಲ ಪಾಚಿ, ಕೊನೆಯಲ್ಲಿ ನೀರನ್ನು ಮತ್ತೆ ಮೇಲಕ್ಕೆ ತಳ್ಳುವ ಪಂಪು. ಮೊದಲ ಗಂಟೆ ಗದ್ದಲವೋ ಗದ್ದಲ. ಮೇಷ್ಟ್ರು ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಕಿವಿ ಕೊಡುತ್ತ, ಮತ್ತೆ ತಿರುಗಿಸುತ್ತ ಹೋದಂತೆ ಗುಳುಗುಳು ಇಳಿದು ಮರ್ಮರವಾಯಿತು.

ಆಮೇಲೆ ಪರೀಕ್ಷೆ. ಮೇಷ್ಟ್ರ ಹೆಂಡತಿ ಗೋಡೆಯ ಸ್ವಿಚ್ಚಿನ ಹತ್ತಿರ ನಿಂತರು, ಮೇಷ್ಟ್ರು ಟಾರ್ಚು ಹಿಡಿದು ಸಂಪಿನ ಮುಂದೆ ಕೂತರು. "ಆಫ್ ಮಾಡ್ಲಾ?" "ಮಾಡು." ಎಲ್ಲ ಪಂಪುಗಳೂ ಒಮ್ಮೆಲೇ ನಿಂತವು. ಮೇಲಿನ ನೀರು ಇಳಿಯುತ್ತಲೇ ಹೋಯಿತು, ಸಂಪಿನ ಮಟ್ಟ ಏರುತ್ತಲೇ ಬಂತು. ಅಂಚಿಗೆ ಅಂಗೈಯಗಲ, ನಾಲ್ಕು ಬೆರಳು, ಮೂರು ಬೆರಳು. ಎರಡು ಬೆರಳು ಬಾಕಿಯಿರುವಾಗ ನಿಂತಿತು. ಕರೆಂಟು ಹೋದ ಹೊತ್ತಿನಲ್ಲಿ ಕೊಳವೆಗಳಿಂದ ವಾಪಸು ಇಳಿಯುವ ನೀರಿಗೆ ಕೆಳಗೆ ಜಾಗ ಇಲ್ಲದಿದ್ದರೆ ಹಜಾರವೇ ಉಪ್ಪಿನ ಗದ್ದೆಯಾಗುತ್ತದೆ. ನೀರಿನ ಅಲೆ ಎಬ್ಬಿಸುವ ಒಂದು ಪುಟ್ಟ ಪಂಪನ್ನು ಮಾತ್ರ ಮನೆಯ ಯುಪಿಎಸ್ಸಿಗೆ ಜೋಡಿಸಿಟ್ಟಿದ್ದಾರೆ. ನೀರು ಅಲುಗಾಡದಿದ್ದರೆ ಆಮ್ಲಜನಕ ಸಾಕಷ್ಟು ಕರಗುವುದಿಲ್ಲ, ಕೆಲವೇ ಗಂಟೆಗಳಲ್ಲಿ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯತೊಡಗುತ್ತವೆ.

ಸ್ಕಿಮ್ಮರಿನ ಕೆಲಸ ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯದು. ಕೊಳವೆಯಾಕಾರದ ಪಾತ್ರೆಯೊಳಗೆ ಪಂಪು ಗಾಳಿಯನ್ನು ಚೂರು ಚೂರು ಮಾಡಿ ಹಾಲಿನ ಬಣ್ಣದ ಗುಳ್ಳೆಗಳಾಗಿ ಎಬ್ಬಿಸುತ್ತದೆ. ನೀರಲ್ಲಿರುವ ಪ್ರೋಟೀನು, ಜಿಡ್ಡು, ಕೊಳೆ ಗುಳ್ಳೆಯ ಮೈಗೆ ಅಂಟಿಕೊಂಡು ನೊರೆಯಾಗಿ ಮೇಲೇರುತ್ತವೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಮಡ್ಡಿಯನ್ನು ಜಾಲರಿಯಿಂದ ಎತ್ತಿ ತೆಗೆಯುತ್ತಾರಲ್ಲ, ಅದೇ ಕೆಲಸ, ಆದರೆ ಬೆಂಕಿಯಿಲ್ಲದೆ, ಹಗಲೂ ರಾತ್ರಿ. ಮೇಲಿನ ಬಟ್ಟಲಿನಲ್ಲಿ ಸೇರುವ ದ್ರವ ಕಡುಕಂದು, ಅದರ ನಾತ ಮಾತ್ರ ಸಹಿಸಲಾಗದು.

ಇಷ್ಟು ಯಂತ್ರಗಳ ಮುಂದೆ ಕೂತಾಗ ನನಗೆ ನೆನಪಾಗುವುದು ಆನ್ನಾ ಥಿನ್ ಎಂಬ ಹೆಂಗಸು. 1846ರಲ್ಲಿ ಆಕೆ ಇಂಗ್ಲೆಂಡಿನ ಟಾರ್ಕಿ ಕಡಲತೀರದಿಂದ ಕೆಲವು ಹವಳದ ಜೀವಿಗಳನ್ನು ಲಂಡನ್ನಿನ ತನ್ನ ಮನೆಗೆ ತಂದಳು. ಪಂಪಿರಲಿಲ್ಲ, ವಿದ್ಯುತ್ತಿರಲಿಲ್ಲ. ಮನೆಗೆಲಸದ ಹುಡುಗಿ ತೆರೆದ ಕಿಟಕಿಯ ಮುಂದೆ ನಿಂತು ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ದಿನವೂ ಅರ್ಧ, ಮುಕ್ಕಾಲು ಗಂಟೆ ಹೊಯ್ದು ಗಾಳಿಯಾಡಿಸಬೇಕಿತ್ತು. ಮುಂದೆ ಥಿನ್ ನೀರಿಗೆ ಕಡಲ ಪಾಚಿಯನ್ನೂ ಸೇರಿಸಿ ಆ ಜೀವಿಗಳನ್ನು ವರ್ಷಗಳ ಕಾಲ ಉಳಿಸಿಕೊಂಡಳು. ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನಿನ ಮನೆ ತೆರೆದದ್ದು ಆಮೇಲೆ, 1853ರಲ್ಲಿ. ಥಿನ್ ಹೆಸರು ಚರಿತ್ರೆಯಲ್ಲಿ ಉಳಿಯಿತು. ತೋಳು ಸೋಲುವಷ್ಟು ನೀರು ಹೊಯ್ದ ಆ ಹುಡುಗಿಯೂ ಈ ಹವ್ಯಾಸದ ಆದಿಯಲ್ಲಿ ಲೆಕ್ಕಕ್ಕೆ ಬರಬೇಕಾದವಳೇ ಎಂದು ನನ್ನ ನಂಬಿಕೆ.

ಈಗ ತೊಟ್ಟಿಯಲ್ಲಿ ನೀರಿದೆ, ಕಲ್ಲಿದೆ, ಬೆಳಕಿದೆ. ಮೀನಿಲ್ಲ. ನೋಡಲು ಬಂದ ಅಕ್ಕಪಕ್ಕದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಮೀನು ಎಲ್ಲಿ ಸಾರ್?" ಮೇಷ್ಟ್ರು ನಗುತ್ತ ಮೂಲೆಯಲ್ಲಿ ಬಿದ್ದಿರುವ ಸಿಗಡಿಯೊಂದನ್ನು ತೋರಿಸುತ್ತಾರೆ. ರಸೆಲ್ ಮಾರುಕಟ್ಟೆಯಿಂದ ತಂದ ಸತ್ತ ಸಿಗಡಿ ಅದು. ಕೊಳೆಯಲೆಂದೇ ಹಾಕಿದ್ದು. ಕೊಳೆತಾಗ ಅಮೋನಿಯ ಹುಟ್ಟುತ್ತದೆ; ಅಮೋನಿಯ ಉಣ್ಣುವ ಬ್ಯಾಕ್ಟೀರಿಯಗಳು ಕಲ್ಲಿನ ರಂಧ್ರಗಳಲ್ಲಿ ನೆಲೆಯೂರಿ ಅದನ್ನು ನೈಟ್ರೈಟು ಮಾಡುತ್ತವೆ; ಇನ್ನೊಂದು ಬಳಗ ನೈಟ್ರೈಟನ್ನು ನೈಟ್ರೇಟಾಗಿಸುತ್ತದೆ. ಮೊದಲಿನದು ಕಡುವಿಷ, ಎರಡನೆಯದೂ ಒಳ್ಳೆಯದಲ್ಲ, ಮೂರನೆಯದನ್ನು ಮೀನು ತಕ್ಕಮಟ್ಟಿಗೆ ತಾಳುತ್ತದೆ. ಮಣ್ಣಿನಲ್ಲಿ ಈ ಕೆಲಸ ಮಾಡುವ ಜೀವಿಗಳನ್ನು ರಷ್ಯದ ಸೆರ್ಗೇಯ್ ವಿನೋಗ್ರಾಡ್‌ಸ್ಕಿ 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದ್ದ. ಕಣ್ಣಿಗೆ ಕಾಣದ ಆ ಬಳಗ ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ದುಡ್ಡು ಎಷ್ಟೇ ಇದ್ದರೂ ಅವಸರ ಮಾಡಿದರೆ ಕೆಡುವುದು ಇಲ್ಲೇ. ತೊಟ್ಟಿ ತಂದ ದಿನವೇ ಮೀನು ಸುರಿದು, ವಾರದೊಳಗೆ ಒಂದೊಂದನ್ನೇ ಎತ್ತಿ ಎಸೆದು, ಸಮುದ್ರದ ಮೀನು ಮನೆಯಲ್ಲಿ ಬದುಕುವುದಿಲ್ಲ ಎಂದು ತೀರ್ಮಾನಿಸಿದವರು ಎಷ್ಟೋ ಮಂದಿ.

ಸಂಜೆ ಕಾಲೇಜಿನಿಂದ ಬಂದವರೇ ಮೇಷ್ಟ್ರು ಷರ್ಟಿನ ತೋಳು ಮಡಚಿ ಊಟದ ಮೇಜಿನ ಮೇಲೆ ಪುಟ್ಟ ಗಾಜಿನ ನಳಿಗೆಗಳನ್ನು ಸಾಲಿಡುತ್ತಾರೆ. ಐದೈದು ಮಿಲಿಲೀಟರು ನೀರು, ಅದಕ್ಕೆ ಎಣಿಸಿ ಬಿಟ್ಟ ಹನಿಗಳು, ಮುಚ್ಚಿ ಅಲುಗಾಡಿಸಿ ಐದು ನಿಮಿಷ ಕಾಯುವುದು. ಮಗಳು ಬಿಳಿ ಹಾಳೆಯ ಮುಂದೆ ನಳಿಗೆ ಹಿಡಿದು ಬಣ್ಣದ ಪಟ್ಟಿಗೆ ಹೋಲಿಸಿ ಕ್ಯಾಲೆಂಡರಿನ ಚೌಕದೊಳಗೆ ಬರೆಯುತ್ತಾಳೆ. ಮೊದಲ ವಾರಗಳಲ್ಲಿ ಅಮೋನಿಯದ ನಳಿಗೆ ದಟ್ಟ ಹಸಿರು. ಹಸಿರು ತಿಳಿಯಾಗುತ್ತ ಹಳದಿಗೆ ಇಳಿಯುವ ಹೊತ್ತಿಗೆ, ತಿಳಿನೀಲಿಯಾಗಿದ್ದ ನೈಟ್ರೈಟಿನ ನಳಿಗೆ ನೇರಳೆಗೆ ತಿರುಗುತ್ತದೆ. ಅದೂ ಒಂದು ದಿನ ಮತ್ತೆ ನೀಲಿಯಾಗುತ್ತದೆ, ನೈಟ್ರೇಟಿನ ನಳಿಗೆ ಕಿತ್ತಳೆಯಾಗುತ್ತದೆ. ಈ ಮನೆಯಲ್ಲಿ ಆ ಸಂಜೆ ಕೇಸರಿಬಾತು ಮಾಡಿದರು.

ಕಲ್ಲುಗಳಂತೂ ಆ ಹೊತ್ತಿಗೆ ನೋಡುವಂತಿರಲಿಲ್ಲ. ಮೊದಲು ಕಂದು ಪಾಚಿ ಧೂಳಿನಂತೆ ಕವಿಯಿತು, ಹಿಂದೆಯೇ ಹಸಿರು ಎಳೆಗಳು ಬಂದವು. ಹೊಸ ತೊಟ್ಟಿಗಳೆಲ್ಲ ಈ ದೆಸೆಯನ್ನು ದಾಟಿಯೇ ಬರಬೇಕು. ಆಗ ಇಳಿದವು ಬಸವನಹುಳುಗಳು. ರಾತ್ರಿ ಬೆಳಕು ಆರಿದ ಮೇಲೆ ಗಾಜಿಗೆ ಕಣ್ಣು ತಾಗಿಸಿದರೆ ಅವುಗಳ ಬಾಯಿ ಗಾಜನ್ನು ಕೆರೆಯುತ್ತ ಮುಂದೆ ಸರಿಯುವುದು, ಹಿಂದೆ ಸ್ವಚ್ಛವಾದ ವಂಕಿವಂಕಿ ಜಾಡು ಬಿಡುವುದು ಸ್ಪಷ್ಟ ಕಾಣುತ್ತದೆ. ಎಲ್ಲಿಂದಲೋ ಬಂದ ಬಿಳಿ ಚುಕ್ಕೆಯಂಥ, ಕೋಪೆಪಾಡು ಎಂಬ ಪುಟ್ಟ ಜೀವಿಗಳು ಗಾಜಿನ ಮೇಲೆ ಚಂಗನೆ ಹಾರುತ್ತವೆ. ಒಂದು ಬೆಳಗ್ಗೆ ಹಾಲಿನ ಪಾಕೀಟು ಹಿಡಿದು ಹಜಾರ ದಾಟುತ್ತಿದ್ದ ಅಜ್ಜಿ ಫಕ್ಕನೆ ನಿಂತರು, ತೊಟ್ಟಿಯ ಮೇಲೆ ಬಗ್ಗಿದರು. "ಈಗ ಬಂತ್ ಕಾಣ್ ಕಡ್ಲ್ ವಾಸ್ನಿ."

ಬೇಸಿಗೆಯ ಕಥೆ ಬೇರೆ. ಏಪ್ರಿಲ್ಲಿನ ಬೆಂಗಳೂರು ಈಗ 35 ಡಿಗ್ರಿ ಮುಟ್ಟುತ್ತದೆ. ಪಂಪು, ದೀಪಗಳ ಬಿಸಿಯೂ ನೀರಿಗೇ ಸೇರುತ್ತದೆ. ತೊಟ್ಟಿಯ ನೀರು 25, 26ರ ಹತ್ತಿರವೇ ಇರಬೇಕು. ಕಿಟಕಿಯ ಹೊರಗೆ ಕೂರಿಸಿದ ಚಿಲ್ಲರು ಗುರ್ರೆನ್ನುತ್ತ ಬಿಸಿಗಾಳಿ ಕಕ್ಕುತ್ತದೆ, ಕರೆಂಟಿನ ಬಿಲ್ಲು ಏರುತ್ತದೆ. ಇಡೀ ವ್ಯವಸ್ಥೆಗೆ ಲಕ್ಷಗಳ ಲೆಕ್ಕದಲ್ಲಿ ಖರ್ಚಾಗಿದೆ. ಅದಕ್ಕಿಂತ ಪ್ರತಿ ತಿಂಗಳೂ ಆಗುವ ಖರ್ಚನ್ನು ಮೊದಲು ಯೋಚಿಸಬೇಕು ಎನ್ನುವುದು ಮೇಷ್ಟ್ರ ಹೆಂಡತಿಯ ಮಾತು. ಮನೆಯ ಲೆಕ್ಕ ಬರೆಯುವವರು ಅವರೇ.

ಆವಿಯಾಗುವುದು ನೀರು, ಉಪ್ಪು ಹಾಗೆಯೇ ಉಳಿಯುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟಾದ ಆಗರಗಳಲ್ಲಿ ಬಿಸಿಲಿಗೆ ಕಡಲ ನೀರು ಆರಿ ಉಪ್ಪು ಹರಳುಗಟ್ಟುವುದೂ ಹೀಗೆಯೇ. ಆದ್ದರಿಂದ ದಿನವೂ ಕಡಿಮೆಯಾಗುವ ಕೆಲವು ಲೀಟರಿಗೆ ಬದಲು ಸಿಹಿನೀರನ್ನೇ ತುಂಬಬೇಕು, ಉಪ್ಪುನೀರು ಸುರಿದರೆ ಲವಣ ಏರುತ್ತಲೇ ಹೋಗುತ್ತದೆ. ಮಟ್ಟ ಇಳಿದದ್ದನ್ನು ಗ್ರಹಿಸುವ ಕಣ್ಣೊಂದು ಸಂಪಿನಲ್ಲಿದೆ, ಆಗಾಗ ಟಕ್ ಎಂದು ಸದ್ದು ಮಾಡಿ ಪಕ್ಕದ ಡಬ್ಬಿಯಿಂದ ಒಂದು ಲೋಟದಷ್ಟು ಎಳೆದುಕೊಳ್ಳುತ್ತದೆ. ಎಷ್ಟು ಒರೆಸಿದರೂ ಕೊಳವೆಯ ಮೊಣಕೈ, ಮುಚ್ಚಳದ ಅಂಚು, ತಂತಿಗಳ ಮೇಲೆಲ್ಲ ಬಿಳಿ ಉಪ್ಪು ಕಟ್ಟುತ್ತಲೇ ಇರುತ್ತದೆ. ಭಾನುವಾರಗಳಂದು ಆ ಉಪ್ಪು ಕೆರೆದು, ಹತ್ತರಲ್ಲೊಂದು ಪಾಲು ನೀರು ತೆಗೆದು ಹೊಸದು ತುಂಬುವುದು ಮನೆಮಂದಿಯೆಲ್ಲರ ಕೆಲಸ.

ಹವಳ ಎಲ್ಲಿ ಎಂದು ನೀವು ಕೇಳಬಹುದು. ಈ ತೊಟ್ಟಿಯಲ್ಲಿ ಹವಳವಿಲ್ಲ, ಬೇಡವೆಂದೇ ಇಟ್ಟಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿ 2001ರಿಂದ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳೂ, ಕರಿಹವಳ, ಕಡಲಬೀಸಣಿಗೆಗಳೂ, ಕಡಲಕುದುರೆಗಳೂ ಇವೆ. ಹುಲಿಗೆ ಸಿಗುವಷ್ಟೇ ರಕ್ಷಣೆ ಅವಕ್ಕೂ ಇದೆ. ನಮ್ಮ ಕಡಲಿನಿಂದ ಒಂದು ಚೂರು ಕಿತ್ತು ತರುವುದೂ ಅಪರಾಧ. ಮೇಷ್ಟ್ರಿಗೆ ಈ ಹುಚ್ಚು ಹಿಡಿದದ್ದೇ ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲಿ ನೀರಿಗಿಳಿದ ಮೇಲೆ. ಅಲ್ಲಿ ಹವಳದ ಕಲ್ಲಿನ ಮೇಲೆ ಜೋಡಿಯಾಗಿ ತಿರುಗುವ ಹಳದಿ ಚಿಟ್ಟೆಮೀನುಗಳನ್ನು ಕಂಡು, ಮನೆಯಲ್ಲೂ ಅವೇ ಬೇಕು ಎಂದುಕೊಂಡಿದ್ದರಂತೆ. ಆಮೇಲೆ ಓದಿದಾಗ ತಿಳಿಯಿತು, ಚಿಟ್ಟೆಮೀನುಗಳಲ್ಲಿ ಎಷ್ಟೋ ಬಗೆಗಳಿಗೆ ಜೀವಂತ ಹವಳವೇ ಆಹಾರ. ತೊಟ್ಟಿಯಲ್ಲಿ ಅವು ಏನನ್ನೂ ಮುಟ್ಟದೆ ಬಡಕಲಾಗಿ ಸಾಯುತ್ತವೆ. "ಅವನ್ನ ನೋಡ್ಬೇಕು ಅನ್ಸಿದ್ರೆ ಬಸ್ ಹತ್ತಿ ಮುರ್ಡೇಶ್ವರಕ್ಕೆ ಹೋಗ್ತೀನಿ" ಎನ್ನುತ್ತಾರೆ.

ಅವರ ತೊಟ್ಟಿಗೆ ಮೊದಲು ಬಂದದ್ದು ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನುಗಳು, ಮೊಟ್ಟೆಯಿಂದಲೇ ತೊಟ್ಟಿಯಲ್ಲಿ ಬೆಳೆದವು. ಪ್ಲಾಸ್ಟಿಕ್ ಚೀಲದ ನೀರಿಗೂ ತೊಟ್ಟಿಯ ನೀರಿಗೂ ಇರುವ ವ್ಯತ್ಯಾಸ ಅವುಗಳ ಮೈಗೆ ಒಮ್ಮೆಲೇ ತಾಗಬಾರದು. ಹಾಗಾಗಿ ಹಜಾರದ ದೀಪ ಆರಿಸಿ, ಮೀನುಗಳನ್ನು ಬಕೆಟ್ಟಿಗೆ ಇಳಿಸಿ, ತೊಟ್ಟಿಯಿಂದ ಸಪೂರ ನಳಿಗೆ ಎಳೆದು, ಅದಕ್ಕೊಂದು ಗಂಟು ಹಾಕಿ, ಹನಿ ಹನಿಯಾಗಿ ನೀರು ಬೀಳುವಂತೆ ಬಿಟ್ಟರು. ಗಂಟು ಬಿಗಿಸುತ್ತ ಸಡಿಲಿಸುತ್ತ ಮಗಳು ಪಕ್ಕದಲ್ಲೇ ಕೂತಳು. ಮೊದಲ ತಿಂಗಳು ಅವು ಬೇರೆ ಸಣ್ಣ ತೊಟ್ಟಿಯಲ್ಲಿ ಕಳೆದವು. ಬಿಳಿಚುಕ್ಕೆ ರೋಗದ ಪರೋಪಜೀವಿ ದೊಡ್ಡ ತೊಟ್ಟಿಗೆ ಸೇರಿತೆಂದರೆ ಕಲ್ಲುಮರಳಿನಿಂದ ಅದನ್ನು ಬಿಡಿಸುವುದು ಬಹಳ ಕಷ್ಟ. ಕೊನೆಗೆ ದೊಡ್ಡ ನೀರಿಗೆ ಇಳಿದ ದಿನ ಎರಡೂ ಒಂದಕ್ಕೊಂದು ಅಂಟಿಕೊಂಡು, ಮೈಯೆಲ್ಲ ಕೊಂಕಿಸುತ್ತ ಈಜುತ್ತ, ಕಲ್ಲಿನ ಗುಡ್ಡವನ್ನು ಒಂದು ಸುತ್ತು ಹಾಕಿ ನೇರವಾಗಿ ಎಡ ಮೂಲೆಯ ಮಣ್ಣಿನ ಕುಂಡಕ್ಕೆ ಹೋದವು. ಕಡಲಲ್ಲಿ ಅವಕ್ಕೆ ಅನೆಮನಿ ಎಂಬ ಕಡಲಜೀವಿಯ ಆಸರೆ ಬೇಕೇಬೇಕು. ಶತ್ರುಗಳಿಲ್ಲದ ತೊಟ್ಟಿಯಲ್ಲಿ ಕುಂಡವೂ ಸಾಕು.

ಕ್ಲೌನ್ ಮೀನು ಹುಟ್ಟುವಾಗ ಹೆಣ್ಣಾಗಿರುವುದಿಲ್ಲ. ಜೋಡಿಯಲ್ಲಿ ಬಲಿಷ್ಠವಾದದ್ದು ಮುಂದೆ ಹೆಣ್ಣಾಗುತ್ತದೆ, ಗಾತ್ರದಲ್ಲೂ ದೊಡ್ಡದಾಗುತ್ತದೆ. ಈ ಜೋಡಿಯಲ್ಲೂ ಹಾಗೇ ಆಯಿತು. ವರ್ಷ ಕಳೆದು ಇನ್ನಷ್ಟು ತಿಂಗಳಾದ ಮೇಲೆ ಕುಂಡದ ಒಳಮೈಯನ್ನು ಎರಡೂ ಬಾಯಿಯಿಂದ ಕಚ್ಚಿ ಕಚ್ಚಿ ಶುಚಿ ಮಾಡತೊಡಗಿದವು. ಆಮೇಲೊಂದು ದಿನ ಅಲ್ಲಿ ಕಿತ್ತಳೆ ಬಣ್ಣದ ಮೊಟ್ಟೆಗಳ ಹಾಸು. ಗಂಡು ಬಿಟ್ಟು ಕದಲದು, ರೆಕ್ಕೆಯಿಂದ ಬೀಸಿ ನೀರು ಹಾಯಿಸುತ್ತದೆ, ಕೆಟ್ಟ ಮೊಟ್ಟೆಯನ್ನು ಆರಿಸಿ ತಿನ್ನುತ್ತದೆ. ಹತ್ತಿರ ಬಂದ ಮೇಷ್ಟ್ರ ಬೆರಳನ್ನೂ ಕಚ್ಚಿತು. ದಿನ ಕಳೆದಂತೆ ಮೊಟ್ಟೆ ಕಂದಾಗಿ, ಪ್ರತಿಯೊಂದರಲ್ಲೂ ಬೆಳ್ಳಿಯ ಎರಡು ಕಣ್ಣು ಮಿನುಗತೊಡಗುತ್ತವೆ. ವಾರ, ಹತ್ತು ದಿನಕ್ಕೆ, ದೀಪ ಆರಿದ ಕತ್ತಲಲ್ಲಿ ಮರಿಗಳು ಹೊರಬರುತ್ತವೆ. ಅವುಗಳ ಬಾಯಿಗೆ ಹಿಡಿಸುವುದು ರೋಟಿಫರಿನಂಥ ಸೂಕ್ಷ್ಮಜೀವಿ ಮಾತ್ರ. ಅದನ್ನೂ ಬೇರೆಯಾಗಿ ಬೆಳೆಸಿಟ್ಟಿರಬೇಕು.

ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇದೇ ಕೆಲಸವನ್ನು ದೊಡ್ಡದಾಗಿ ಮಾಡಿದೆ. ತಮಿಳುನಾಡಿನ ಮಂಡಪಂ, ಕೇರಳದ ವಿಳಿಂಜಂ ಕೇಂದ್ರಗಳಲ್ಲಿ ಅಲ್ಲಿನ ವಿಜ್ಞಾನಿಗಳು ಕ್ಲೌನ್, ಡ್ಯಾಮ್ಸೆಲ್ ಮೀನುಗಳ ಹಲವು ಬಗೆಗಳನ್ನು ತೊಟ್ಟಿಯಲ್ಲೇ ಮರಿಮಾಡುವ ವಿಧಾನ ಕಂಡುಕೊಂಡು ಮೀನುಗಾರರಿಗೆ ಕಲಿಸಿದ್ದಾರೆ. ಲಕ್ಷದ್ವೀಪದ ಅಗತ್ತಿಯಲ್ಲಿ ಹೆಂಗಸರು ಅಲಂಕಾರದ ಸಿಗಡಿಗಳನ್ನು ಬೆಳೆಸಲು ತರಬೇತಿ ಪಡೆದಿದ್ದಾರೆ. ಹೀಗೆ ಹುಟ್ಟಿದ ಮೀನಿಗೆ ಗಾಜು ಹೊಸದಲ್ಲ, ಬೆರಳಿನಿಂದ ಉದುರಿದ ಕಾಳು ಹೊಸದಲ್ಲ. ಬಂದ ದಿನವೇ ತಿನ್ನುತ್ತದೆ. ಕಡಲಿನಿಂದ ಹಿಡಿದು ತಂದದ್ದು ಹಾಗಲ್ಲ. 1960ರ ದಶಕದಿಂದ ಫಿಲಿಪೀನ್ಸಿನಲ್ಲಿ, ಆಮೇಲೆ ಇಂಡೋನೇಷ್ಯದಲ್ಲೂ, ಹವಳದ ಸಂದಿಗಳಿಗೆ ಸೋಡಿಯಂ ಸಯನೈಡಿನ ನೀರು ಚಿಮ್ಮಿಸಿ, ಮತ್ತೇರಿದ ಮೀನುಗಳನ್ನು ಹಿಡಿದು ಮಾರಿದ್ದಾರೆ. ಅಂಥ ಮೀನು ಅಂಗಡಿಯಲ್ಲಿ ಚೆಂದವೇ ಕಾಣುತ್ತದೆ, ಮನೆಗೆ ಬಂದ ಮೇಲೆ ಕಾರಣ ತಿಳಿಯದೆ ಸಾಯುತ್ತದೆ. ಹಿಂದೆ ಉಳಿದ ಹವಳವೂ ಸಾಯುತ್ತದೆ. ಸಿನಿಮಾದಲ್ಲಿ ಮಕ್ಕಳ ಮನಗೆದ್ದ ನೀಲಿ ಟ್ಯಾಂಗ್ ಅನ್ನು ತೊಟ್ಟಿಯಲ್ಲಿ ಮರಿಮಾಡಲು ಸಾಧ್ಯವಾದದ್ದೇ 2016ರಲ್ಲಿ, ಫ್ಲಾರಿಡಾ ವಿಶ್ವವಿದ್ಯಾಲಯದವರಿಂದ. ಅದು ಒಂದಡಿ ಬೆಳೆಯುವ ಮೀನು ಎಂಬುದನ್ನು ಮಾರುವವರು ಎಲ್ಲರಿಗೂ ಹೇಳುವುದಿಲ್ಲ.

ಈ ನುಡಿಚಿತ್ರ ಓದಿ ನಿಮ್ಮ ಮನೆಗೂ ಒಂದು ಕಡಲು ತರಬೇಕೆನ್ನಿಸಿದರೆ ತನ್ನಿ, ಬೇಡವೆನ್ನಲಾರೆ. ಆದರೆ ಮೊದಲು ನೀರನ್ನು ಸಿದ್ಧಮಾಡಿ, ನಳಿಗೆಯ ಹಸಿರು ಹಳದಿಯಾಗುವವರೆಗೆ, ನೇರಳೆ ಮತ್ತೆ ನೀಲಿಯಾಗುವವರೆಗೆ ಕಾಯಿರಿ. ಆಮೇಲೆ ಅಂಗಡಿಗೆ ಹೋದಾಗ ಬೆಲೆ ಕೇಳುವ ಮುಂಚೆ ಈ ಮೀನು ಹುಟ್ಟಿದ್ದು ಎಲ್ಲಿ ಎಂದು ಕೇಳಿ. ನಿಮ್ಮೆದುರೇ ಒಂದು ಹಿಡಿ ಕಾಳು ಹಾಕಿಸಿ, ತಿನ್ನುತ್ತದೆಯೇ ನೋಡಿ. ಮರಿಮಾಡಿದ ಕೇಂದ್ರದ ಹೆಸರು ಹೇಳಿದರೆ ಕೊಳ್ಳಿ. ಹೇಳಲಾಗದಿದ್ದರೆ, ಎಷ್ಟು ಅಗ್ಗಕ್ಕೆ ಕೊಟ್ಟರೂ, ಆ ಮೀನನ್ನು ಮನೆಗೆ ತರಬೇಡಿ.